ಜಾಲತಾಣದ ಸ್ಥಳಾಂತರ: ತೆರೆಯದ ಪುಟದ ದೋಷಶೋಧ

ಜಾಲತಾಣವೊಂದನ್ನು ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುವುದು ಹೋಸ್ಟಿಂಗ್ ಉದ್ಯಮದ ನಿತ್ಯದ ಕೆಲಸ. ಬಾಡಿಗೆ ದುಬಾರಿಯಾಗಿರಬಹುದು, ಹಳೆಯ ಯಂತ್ರ ಭಾರ ತಾಳದೆ ಹೋಗಿರಬಹುದು, ಕಂಪನಿ ಕ್ಲೌಡಿಗೆ ಹೋಗಲು ತೀರ್ಮಾನಿಸಿರಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಸಂಸ್ಥೆಯ ಡೇಟಾ ಕೇಂದ್ರ ಸುಟ್ಟುಹೋದಾಗ ಆದಂತೆ, ರಾತ್ರೋರಾತ್ರಿ ಬೇರೆ ನೆಲೆ ಹುಡುಕಬೇಕಾಗಿಯೂ ಬರಬಹುದು. ಕಾರಣ ಯಾವುದಾದರೂ ಸಾಗಿಸಿದ ಮೇಲೆ ಬರುವ ದೂರು ಮಾತ್ರ ಒಂದೇ: ‘ಸೈಟ್ ಓಪನ್ ಆಗ್ತಿಲ್ಲ’.

ದೂರು ಒಂದಾದರೂ ದೋಷಗಳು ಹಲವು. ಪುಟವೊಂದು ಪರದೆಯ ಮೇಲೆ ಮೂಡಬೇಕಾದರೆ ಬ್ರೌಸರು ಮೊದಲು ಹೆಸರಿನಿಂದ ಐಪಿ ವಿಳಾಸ ತಿಳಿಯಬೇಕು. ಆ ವಿಳಾಸದ ಯಂತ್ರವನ್ನು ಮುಟ್ಟಬೇಕು. ಗೂಢಲಿಪಿಯ ಸಂಪರ್ಕ ಕುದುರಬೇಕು. ಯಂತ್ರದಲ್ಲಿರುವ ಹಲವು ತಾಣಗಳಲ್ಲಿ ಕೇಳಿದ್ದು ಯಾವುದೆಂದು ಸರ್ವರಿಗೆ ಗೊತ್ತಾಗಬೇಕು. ಕೊನೆಗೆ ಪ್ರೋಗ್ರಾಮ್ ಓಡಿ, ಡೇಟಾಬೇಸ್ ಉತ್ತರ ಕೊಡಬೇಕು. ಇವುಗಳಲ್ಲಿ ಯಾವುದು ಮುರಿದರೂ ನೋಡುವವರಿಗೆ ಕಾಣುವುದು ತೆರೆಯದ ಪುಟವೇ. ಆದರೆ ಒಂದೊಂದು ಹಂತವೂ ಸೋಲುವಾಗ ಬೇರೆ ಬೇರೆ ಸಂದೇಶ ಬಿಟ್ಟುಹೋಗುತ್ತದೆ. ಅದನ್ನು ಓದದೆ ಸೆಟ್ಟಿಂಗುಗಳನ್ನು ಬದಲಾಯಿಸತೊಡಗಿದರೆ ಒಂದು ದೋಷ ಇದ್ದಲ್ಲಿ ಮೂರಾಗುತ್ತವೆ. ಹೊಸ ಸರ್ವರೇ ಕೆಟ್ಟಿರುವ ಸಂದರ್ಭಗಳು ಕಡಿಮೆ. ಹಳೆಯ ಸರ್ವರಿನ ವಿಳಾಸ, ಹೆಸರು ಅಥವಾ ನಿಯಮ ಎಲ್ಲೋ ಒಂದು ಕಡೆ ಅಳಿಯದೆ ಉಳಿದಿರುವುದೇ ಹೆಚ್ಚು.

ಹೆಸರಿನಿಂದ ವಿಳಾಸಕ್ಕೆ

ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್‌ನಲ್ಲಿ ಎಲ್ಲ ಯಂತ್ರಗಳ ಹೆಸರು, ವಿಳಾಸಗಳು ಒಂದೇ ಕಡತದಲ್ಲಿದ್ದವು. ಕ್ಯಾಲಿಫೋರ್ನಿಯಾದ ಎಸ್‌ಆರ್‌ಐ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು. ಯಂತ್ರದ ವಿಳಾಸ ಬದಲಾದರೆ ಅವರಿಗೆ ತಿಳಿಸಬೇಕಿತ್ತು. ಉಳಿದವರು ಹೊಸ ಪ್ರತಿ ಇಳಿಸಿಕೊಳ್ಳಬೇಕಿತ್ತು. ಜಾಲ ಬೆಳೆದಂತೆ ಈ ಏರ್ಪಾಡು ಸಾಲದಾಯಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಇಂದಿಗೂ ನಡೆಯುತ್ತಿರುವ ಅದರ ನಿಯಮಗಳು 1987ರಲ್ಲಿ ಪ್ರಕಟವಾದವು. ಹೆಸರುಗಳ ಜವಾಬ್ದಾರಿ ಈಗ ಮೇಲಿನಿಂದ ಕೆಳಕ್ಕೆ ಹಂಚಿಹೋಗಿದೆ: ಮೂಲ ಸರ್ವರುಗಳು ಡಾಟ್ ಕಾಮ್, ಡಾಟ್ ಇನ್ ಮೊದಲಾದವುಗಳ ಸರ್ವರುಗಳನ್ನು ತೋರಿಸುತ್ತವೆ, ಅವು ಆಯಾ ಡೊಮೇನಿನ ನೇಮ್‌ಸರ್ವರುಗಳನ್ನು ತೋರಿಸುತ್ತವೆ, ಕೊನೆಯ ಉತ್ತರ ಅಲ್ಲಿ ಸಿಗುತ್ತದೆ.

ಪ್ರತಿಸಲವೂ ಇಷ್ಟು ದೂರ ಹೋಗಿ ಕೇಳುವುದು ತಡವಾಗುತ್ತದೆಂದು, ಬಳಕೆದಾರರ ಪರವಾಗಿ ಕೇಳುವ ನಡುವಿನ ರಿಸಾಲ್ವರುಗಳು ಸಿಕ್ಕ ಉತ್ತರವನ್ನು ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಹೊತ್ತು ಎಂಬುದನ್ನು ಪ್ರತಿ ದಾಖಲೆಯ ಜೊತೆಗಿರುವ ಟಿಟಿಎಲ್ ಎಂಬ ಸಂಖ್ಯೆ ಸೆಕೆಂಡುಗಳಲ್ಲಿ ಹೇಳುತ್ತದೆ. ಟಿಟಿಎಲ್ 86,400 ಇದ್ದರೆ ಒಂದು ದಿನ, 300 ಇದ್ದರೆ ಐದು ನಿಮಿಷ. ಸ್ಥಳಾಂತರದ ಅರ್ಧ ಗೊಂದಲ ಹುಟ್ಟುವುದು ಇಲ್ಲೇ. ಡಿಎನ್‌ಎಸ್ ಬದಲಾವಣೆ ಜಗತ್ತಿಗೆಲ್ಲ ಹರಡಲು 48 ಗಂಟೆ ಬೇಕು ಎಂದು ಹೋಸ್ಟಿಂಗ್ ಕಂಪನಿಗಳ ಸಹಾಯವಾಣಿ ಹೇಳುವುದುಂಟು. ವಾಸ್ತವದಲ್ಲಿ ಇಲ್ಲಿ ಏನೂ ಹರಡುವುದಿಲ್ಲ. ಹಳೆಯ ನೆನಪು ಅವಧಿ ಮುಗಿದು ಅಳಿಯುತ್ತದೆ, ಅಷ್ಟೆ. 48 ಗಂಟೆಯ ಲೆಕ್ಕಕ್ಕೂ ಒಂದು ಆಧಾರವಿದೆ. ಡಾಟ್ ಕಾಮ್ ಸರ್ವರುಗಳು ಒಂದು ಡೊಮೇನಿನ ನೇಮ್‌ಸರ್ವರ್ ಯಾವುದೆಂದು ಹೇಳುವಾಗ ಅದಕ್ಕೆ 1,72,800 ಸೆಕೆಂಡುಗಳ, ಅಂದರೆ ಎರಡು ದಿನಗಳ ಟಿಟಿಎಲ್ ಕೊಡುತ್ತವೆ. ನೇಮ್‌ಸರ್ವರನ್ನೇ ಬದಲಿಸಿದವರಿಗೆ ಈ ಮಾತು ಅನ್ವಯಿಸುತ್ತದೆ. ನೇಮ್‌ಸರ್ವರ್ ಹಾಗೇ ಇಟ್ಟುಕೊಂಡು, ಹೆಸರಿನ ಐಪಿ ವಿಳಾಸ ಹೇಳುವ, ಐದು ನಿಮಿಷದ ಟಿಟಿಎಲ್ ಇರುವ ಎ ರೆಕಾರ್ಡನ್ನಷ್ಟೇ ತಿದ್ದಿದವರು ಎರಡು ದಿನ ಕಾಯುತ್ತ ಕುಳಿತರೆ ನಿಜವಾದ ದೋಷ ಎರಡು ದಿನ ತಲೆಮರೆಸಿಕೊಂಡಿರುತ್ತದೆ.

ಇದಕ್ಕಿಂತ ಸಾಮಾನ್ಯವಾದ ತಪ್ಪು ಇನ್ನೊಂದು. ಡೊಮೇನ್ ಕೊಂಡದ್ದು ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ, ಮಧ್ಯೆ ನಿಂತು ಪುಟಗಳನ್ನು ಓದುಗರ ಹತ್ತಿರದಿಂದ ತಲುಪಿಸುವ ಸಿಡಿಎನ್ ಸೇವೆ ಮತ್ತೊಂದು ಕಡೆ ಇದ್ದು, ಮೂರೂ ಕಡೆ ಡಿಎನ್‌ಎಸ್ ತಿದ್ದುವ ಪುಟ ಇರುತ್ತದೆ. ಜಗತ್ತು ಕೇಳುವುದು ನೇಮ್‌ಸರ್ವರ್ ಇರುವ ಕಡೆಯ ಮಾತನ್ನು ಮಾತ್ರ. ಉಳಿದೆರಡು ಕಡೆ ಎಷ್ಟು ತಿದ್ದಿದರೂ ಗೋಡೆಗೆ ಹೇಳಿದ ಹಾಗೆ. ಆದ್ದರಿಂದ ದೋಷಶೋಧದ ಮೊದಲ ಪ್ರಶ್ನೆ ಹೊಸ ಐಪಿ ಸರಿಯಿದೆಯೇ ಎಂಬುದಲ್ಲ. ಈ ಡೊಮೇನಿನ ಅಧಿಕೃತ ನೇಮ್‌ಸರ್ವರ್ ಯಾವುದು ಎಂಬುದು. ಡಿಗ್ ಅಥವಾ ಎನ್‌ಎಸ್‌ಲುಕಪ್ ಆಜ್ಞೆಯಿಂದ ಅದನ್ನು ಕ್ಷಣದಲ್ಲಿ ತಿಳಿಯಬಹುದು.

ಇಲ್ಲ ಎಂಬ ಉತ್ತರವೂ ನೆನಪಿನಲ್ಲಿ ಉಳಿಯುತ್ತದೆ. ದಾಖಲೆ ಸೇರಿಸುವ ಮೊದಲೇ ಆತುರಪಟ್ಟು ಬ್ರೌಸರಿನಲ್ಲಿ ಹೆಸರು ಹೊಡೆದು ನೋಡಿದರೆ, ಆ ಹೆಸರು ಅಸ್ತಿತ್ವದಲ್ಲಿಲ್ಲ ಎಂಬ ಉತ್ತರವನ್ನು ರಿಸಾಲ್ವರ್ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ದಾಖಲೆ ಸೇರಿಸಿದರೂ ಸ್ವಲ್ಪ ಹೊತ್ತು ಅದೇ ಉತ್ತರ ಬರುತ್ತಿರುತ್ತದೆ. ಉತ್ತರ ನಕಲಿಯಲ್ಲವೆಂದು ತೋರಿಸುವ ಡಿಎನ್‌ಎಸ್‌ಸೆಕ್ ಸಹಿ ಇರುವ ಡೊಮೇನುಗಳ ಕಥೆ ಇನ್ನೂ ಕಷ್ಟ. ಹೊಸ ನೇಮ್‌ಸರ್ವರಿನಲ್ಲಿ ಸಹಿ ಇಲ್ಲದೆ, ಡೊಮೇನ್ ಮಾರಿದ ರಿಜಿಸ್ಟ್ರಾರ್ ಬಳಿ ಸಹಿ ಇದೆಯೆಂದು ಸಾರುವ ಹಳೆಯ ಡಿಎಸ್ ದಾಖಲೆ ಹಾಗೇ ಉಳಿದರೆ, ಸಹಿ ಪರೀಕ್ಷಿಸುವ ರಿಸಾಲ್ವರುಗಳು ತಾಣವನ್ನೇ ನಿರಾಕರಿಸುತ್ತವೆ. ಪರೀಕ್ಷಿಸದ ರಿಸಾಲ್ವರ್ ಬಳಸುವವರಿಗೆ ಮಾತ್ರ ತೆರೆಯುತ್ತದೆ. 2021ರ ಸೆಪ್ಟೆಂಬರ್ 30ರಂದು ಸ್ಲ್ಯಾಕ್ ಸಂಸ್ಥೆ ಡಿಎನ್‌ಎಸ್‌ಸೆಕ್ ಜಾರಿಗೊಳಿಸಲು ಹೋಗಿ ಹಿಂದೆಗೆದಾಗ, ಡಿಎಸ್ ದಾಖಲೆಯನ್ನು ನೆನಪಿಟ್ಟುಕೊಂಡಿದ್ದ ರಿಸಾಲ್ವರುಗಳ ಬಳಕೆದಾರರಿಗೆ ಸೇವೆ ಸಿಗದೆ ಹೋಯಿತು. ಅದಾದ ನಾಲ್ಕೇ ದಿನಕ್ಕೆ, ಅಕ್ಟೋಬರ್ 4ರಂದು, ಫೇಸ್‌ಬುಕ್ಕಿನ ನೇಮ್‌ಸರ್ವರುಗಳಿಗೆ ಹೋಗುವ ಮಾರ್ಗಗಳೇ ಜಾಲದಿಂದ ಮಾಯವಾಗಿ ಸುಮಾರು ಆರು ಗಂಟೆ ಸೇವೆ ನಿಂತಿತು.

ಕೆಲವರಿಗೆ ತೆರೆಯುತ್ತದೆ, ಕೆಲವರಿಗಿಲ್ಲ

ಯಾರಿಗೂ ತೆರೆಯದ ತಾಣವನ್ನು ಸರಿಪಡಿಸುವುದು ಸುಲಭ. ಒಬ್ಬರಿಗೆ ತೆರೆದು ಇನ್ನೊಬ್ಬರಿಗೆ ತೆರೆಯದ ತಾಣ ತಲೆ ತಿನ್ನುತ್ತದೆ. ಆದರೆ ಆ ಇಬ್ಬರ ನಡುವಿನ ವ್ಯತ್ಯಾಸವೇ ದೋಷದ ಜಾಗವನ್ನೂ ತೋರಿಸುತ್ತದೆ.

ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಹೊಸ ತಾಣ, ಮೊಬೈಲಿನಲ್ಲಿ ಹಳೆಯದು ಕಾಣಿಸುತ್ತಿದ್ದರೆ ಮೊದಲು ಸಂಶಯಪಡಬೇಕಾದ್ದು ಐಪಿವಿ6 ವಿಳಾಸವನ್ನು. ಸಾಗಿಸುವವರು ಐಪಿವಿ4ರ ಎ ರೆಕಾರ್ಡ್ ಬದಲಿಸಿ, ಐಪಿವಿ6ರ ಕ್ವಾಡ್-ಎ ರೆಕಾರ್ಡನ್ನು ಮರೆತುಬಿಟ್ಟಿರುತ್ತಾರೆ. ಭಾರತದಲ್ಲಿ ಜಿಯೋ ಮೊದಲಾದ ಮೊಬೈಲ್ ಜಾಲಗಳ ಬಹುಪಾಲು ಫೋನುಗಳು ಐಪಿವಿ6 ಮೂಲಕವೇ ಓಡಾಡುವುದರಿಂದ ಅವು ನೇರವಾಗಿ ಹಳೆಯ ಯಂತ್ರದ ಬಾಗಿಲಿಗೆ ಹೋಗುತ್ತವೆ. ಐಪಿವಿ6 ಸಂಪರ್ಕ ಸಿಗದಿದ್ದರೆ ಬ್ರೌಸರುಗಳು ಐಪಿವಿ4ಕ್ಕೆ ಹೊರಳುತ್ತವೆ, ನಿಜ. ಆದರೆ ಹಳೆಯ ಸರ್ವರ್ ಇನ್ನೂ ಉತ್ತರ ಕೊಡುತ್ತಿದ್ದರೆ ಹೊರಳುವ ಪ್ರಶ್ನೆಯೇ ಬರುವುದಿಲ್ಲ.

ಹೊರಗೆಲ್ಲ ತೆರೆದು, ಕಂಪನಿಯ ಕಚೇರಿಯೊಳಗೆ ಮಾತ್ರ ತೆರೆಯದಿರುವುದೂ ಉಂಟು. ಕಚೇರಿಯ ಒಳಜಾಲಕ್ಕೆ ತನ್ನದೇ ಡಿಎನ್‌ಎಸ್ ಇದ್ದು, ಅದರಲ್ಲಿ ಯಾರೋ ಎಂದೋ ಹಳೆಯ ಐಪಿಯನ್ನು ಬರೆದಿಟ್ಟಿರುತ್ತಾರೆ. ಇನ್ನೊಂದು ಕಾರಣ ಸ್ವಲ್ಪ ವಿಚಿತ್ರ. ಕಚೇರಿಯ ಕಂಪ್ಯೂಟರುಗಳ ಮೇಲ್ ಪ್ರೋಗ್ರಾಮುಗಳು ಹಳೆಯ ಪಾಸ್‌ವರ್ಡ್ ಹಿಡಿದುಕೊಂಡು ಹೊಸ ಸರ್ವರಿನ ಬಾಗಿಲನ್ನು ಮತ್ತೆ ಮತ್ತೆ ತಟ್ಟುತ್ತವೆ; ಇದು ದಾಳಿಯೆಂದು ಬಗೆದ ಸರ್ವರಿನ ಕಾವಲು ತಂತ್ರಾಂಶ ಕಚೇರಿಯ ಐಪಿಯನ್ನೇ ತಡೆಹಿಡಿಯುತ್ತದೆ. ಆಗ ಮಾಲೀಕರನ್ನು ಬಿಟ್ಟು ಊರಿಗೆಲ್ಲ ತಾಣ ಕಾಣುತ್ತಿರುತ್ತದೆ.

ಡಿಎನ್‌ಎಸ್ ದೋಷವೋ ಸರ್ವರಿನ ದೋಷವೋ ಎಂದು ಬೇರ್ಪಡಿಸಲು ಅರ್ಪಾನೆಟ್ ಕಾಲದ ಆ ಹಳೆಯ ಕಡತವೇ ಒಳ್ಳೆಯ ಸಾಧನ. ಹೋಸ್ಟ್ಸ್ ಎಂಬ ಅದರ ವಂಶಜ ಇಂದಿಗೂ ಪ್ರತಿ ಕಂಪ್ಯೂಟರಿನಲ್ಲಿದೆ. ಬ್ರೌಸರು ಡಿಎನ್‌ಎಸ್ ಕೇಳುವ ಮೊದಲು ಸಾಮಾನ್ಯವಾಗಿ ಅದರ ಮಾತು ನಡೆಯುತ್ತದೆ. ಅದರಲ್ಲಿ ಹೊಸ ಐಪಿ ಮತ್ತು ತಾಣದ ಹೆಸರನ್ನು ಒಂದು ಸಾಲಿನಲ್ಲಿ ಬರೆದು ಪುಟ ತೆರೆದು ನೋಡಬೇಕು. ತೆರೆದರೆ ಸರ್ವರ್ ಸರಿಯಿದೆ, ತೊಂದರೆ ಹೆಸರಿನದು. ತೆರೆಯದಿದ್ದರೆ ಡಿಎನ್‌ಎಸ್ ಬಿಟ್ಟು ಸರ್ವರಿನ ಕಡೆ ನೋಡಬೇಕು. ಡೇನಿಯಲ್ ಸ್ಟೆನ್‌ಬರ್ಗ್ ಅವರ ಕರ್ಲ್ ಎಂಬ ಸಾಧನ ಕಡತ ಮುಟ್ಟದೆಯೇ ಇದನ್ನು ಮಾಡಬಲ್ಲದು. ಪರೀಕ್ಷೆ ಮುಗಿದ ಮೇಲೆ ಆ ಸಾಲನ್ನು ಅಳಿಸಲೇಬೇಕು. ಹಾಗೆ ಮರೆತ ಸಾಲು ಮುಂದಿನ ಸ್ಥಳಾಂತರದಲ್ಲಿ ವರ್ಷಗಳ ನಂತರ ಕಾಡಿದ್ದುಂಟು.

ಸಂಪರ್ಕ

ಐಪಿ ಸಿಕ್ಕ ಮೇಲೆ 80 ಅಥವಾ 443ನೇ ಪೋರ್ಟಿನಲ್ಲಿ ಯಾರಾದರೂ ಉತ್ತರಿಸಬೇಕು. ‘ಕನೆಕ್ಷನ್ ರಿಫ್ಯೂಸ್ಡ್’ ಎಂದು ತಕ್ಷಣ ಬಂದರೆ ಯಂತ್ರ ಬದುಕಿದೆ, ವೆಬ್ ಸರ್ವರ್ ಪ್ರೋಗ್ರಾಮ್ ಓಡುತ್ತಿಲ್ಲ ಅಥವಾ ತನ್ನೊಳಗಿನ 127.0.0.1 ವಿಳಾಸಕ್ಕೆ ಮಾತ್ರ ಕಿವಿಗೊಟ್ಟಿದೆ ಎಂದರ್ಥ. ಬಹಳ ಹೊತ್ತು ಸುತ್ತಿ ‘ಟೈಮ್ಡ್ ಔಟ್’ ಆದರೆ ಹೆಚ್ಚಾಗಿ ನಡುವೆ ಫೈರ್‌ವಾಲ್ ಕೋರಿಕೆಯನ್ನು ಸದ್ದಿಲ್ಲದೆ ನುಂಗುತ್ತಿರುತ್ತದೆ. ಕ್ಲೌಡ್ ಸೇವೆಗಳಲ್ಲಿ ಯಂತ್ರದೊಳಗಿನ ಫೈರ್‌ವಾಲ್ ಅಲ್ಲದೆ ಹೊರಗೆ ಇನ್ನೊಂದು ಪದರ ಇರುತ್ತದೆ. ಒಳಗಿನದನ್ನು ತೆರೆದು ಹೊರಗಿನದನ್ನು ಮರೆಯುವುದು ಹೊಸಬರ ರೂಢಿ. ಪಿಂಗ್‌ಗೆ ಉತ್ತರ ಬರಲಿಲ್ಲವೆಂದು ಸರ್ವರ್ ಸತ್ತಿದೆ ಎನ್ನಲಾಗದು, ಏಕೆಂದರೆ ಎಷ್ಟೋ ಜಾಲಗಳು ಪಿಂಗ್ ಅನ್ನು ಬೇಕೆಂದೇ ತಡೆಯುತ್ತವೆ.

ಸರ್ಟಿಫಿಕೇಟ್ ತೊಡಕು

ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರ ಡಿಸೆಂಬರಿನಲ್ಲಿ ಎಲ್ಲರಿಗೂ ಉಚಿತ ಸರ್ಟಿಫಿಕೇಟ್ ಕೊಡತೊಡಗಿದ ಮೇಲೆ ಸಣ್ಣ ತಾಣಗಳೂ ಗೂಢಲಿಪಿಗೆ ಬಂದವು. ಸ್ಥಳಾಂತರದಲ್ಲಿ ಇದೇ ಒಂದು ಗಂಟಾಗುತ್ತದೆ. ಡೊಮೇನ್ ತಮ್ಮದೆಂದು ತೋರಿಸಲು ಆ ಸಂಸ್ಥೆಯ ಸಾಮಾನ್ಯ ವಿಧಾನದಲ್ಲಿ ಹೆಸರು ಆಗಲೇ ಹೊಸ ಸರ್ವರಿನ ಕಡೆ ತಿರುಗಿರಬೇಕು. ಆದರೆ ಹೆಸರು ತಿರುಗಿದ ಕ್ಷಣದಿಂದಲೇ ಬರುವವರಿಗೆ ಸರ್ಟಿಫಿಕೇಟ್ ಬೇಕು. ಹಳೆಯ ಸರ್ಟಿಫಿಕೇಟನ್ನು ಅದರ ಖಾಸಗಿ ಕೀಲಿಯ ಜೊತೆ ಮೊದಲೇ ಹೊಸ ಯಂತ್ರಕ್ಕೆ ನಕಲಿಸಿಕೊಳ್ಳುವುದು, ಇಲ್ಲವೇ ಡಿಎನ್‌ಎಸ್ ದಾಖಲೆಯ ಮೂಲಕ ಒಡೆತನ ತೋರಿಸುವುದು ಇದಕ್ಕಿರುವ ದಾರಿ. ಇಲ್ಲಿಯೂ ಮರೆತ ಕ್ವಾಡ್-ಎ ರೆಕಾರ್ಡ್ ಕಾಟ ಕೊಡುತ್ತದೆ: ಐಪಿವಿ6 ವಿಳಾಸ ಇದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಅದನ್ನೇ ಮೊದಲು ನೋಡುತ್ತದೆ. ಯಾವ ಸಂಸ್ಥೆ ಸರ್ಟಿಫಿಕೇಟ್ ಕೊಡಬಹುದೆಂದು ಹೇಳುವ ಸಿಎಎ ದಾಖಲೆಯಲ್ಲಿ ಹಳೆಯ ಸಂಸ್ಥೆಯ ಹೆಸರಷ್ಟೇ ಇದ್ದರೆ ಹೊಸದು ಕೊಡಲು ಒಪ್ಪುವುದಿಲ್ಲ. 2017ರ ಸೆಪ್ಟೆಂಬರಿನಿಂದ ಈ ತಪಾಸಣೆ ಕಡ್ಡಾಯ.

ತಾಣದ ಸರ್ಟಿಫಿಕೇಟನ್ನು ಬ್ರೌಸರು ನಂಬುವ ಮೂಲ ಸರ್ಟಿಫಿಕೇಟಿಗೆ ಜೋಡಿಸುವ ಮಧ್ಯಂತರ ಸರ್ಟಿಫಿಕೇಟನ್ನು ಸರ್ವರಿಗೆ ಸೇರಿಸದಿದ್ದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆಯುವ ಪುಟ ಕೆಲವು ಫೋನುಗಳಲ್ಲಿ ಎಚ್ಚರಿಕೆ ತೋರಿಸುತ್ತದೆ. ‘ಟೂ ಮೆನಿ ರೀಡೈರೆಕ್ಟ್ಸ್’ ಎಂಬ ಸಂದೇಶ ಹೆಚ್ಚಾಗಿ ಸಿಡಿಎನ್ ಇರುವ ಕಡೆ ಬರುತ್ತದೆ. ಸಿಡಿಎನ್ ತಾಣದ ಸರ್ವರನ್ನು ಗೂಢಲಿಪಿಯಿಲ್ಲದೆ ಕೇಳುತ್ತದೆ, ಸರ್ವರ್ ಗೂಢಲಿಪಿಯಲ್ಲಿ ಬಾ ಎಂದು ತಿರುಗಿಸಿ ಕಳಿಸುತ್ತದೆ, ಸಿಡಿಎನ್ ಮತ್ತೆ ಹಳೆಯ ರೀತಿಯಲ್ಲೇ ಹೋಗುತ್ತದೆ. ಇಬ್ಬರೂ ತಮ್ಮ ತಮ್ಮ ನಿಯಮ ಬಿಡುವುದಿಲ್ಲ.

ಸರ್ವರಿನ ಒಳಗೆ

ಒಂದೇ ಐಪಿಯಲ್ಲಿ ನೂರಾರು ತಾಣಗಳಿರುವುದರಿಂದ ಬ್ರೌಸರು ಹೇಳುವ ಹೆಸರನ್ನು ನೋಡಿ ಸರ್ವರ್ ತಾಣವನ್ನು ಆರಿಸುತ್ತದೆ. ಹೆಸರು ಅದರ ಪಟ್ಟಿಯಲ್ಲಿಲ್ಲದಿದ್ದರೆ ಸರ್ವರಿನ ಸ್ವಾಗತ ಪುಟವೋ ಬೇರೆಯವರ ತಾಣವೋ ಕಾಣಿಸಿ ಮಾಲೀಕರು ಗಾಬರಿಯಾಗುತ್ತಾರೆ. ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇರುವ ಹೆಸರು, ಇಲ್ಲದ ಹೆಸರು ಎರಡನ್ನೂ ಬರೆಯಬೇಕು.

ಇಲ್ಲಿಂದ ಮುಂದೆ ಸರ್ವರ್ ತೋರಿಸುವ ದೋಷ ಸಂಖ್ಯೆಗಳು ಮಾತಾಡುತ್ತವೆ. 403 ಬಂದರೆ ಕಡತಗಳ ಅನುಮತಿ ನೋಡಬೇಕು; ರೆಡ್ ಹ್ಯಾಟ್ ಬಳಗದ ಲಿನಕ್ಸ್‌ನಲ್ಲಿ ಅನುಮತಿ ಸರಿಯಿದ್ದೂ ಎಸ್‌ಇಲಿನಕ್ಸ್ ಎಂಬ ಭದ್ರತಾ ಪದರ ತಡೆಯುವುದುಂಟು. ಮುಖಪುಟ ತೆರೆದು ಒಳಪುಟಗಳೆಲ್ಲ 404 ಆದರೆ, ಅಪಾಚಿ ವೆಬ್ ಸರ್ವರಿನಿಂದ ಎಂಜಿನ್‌ಎಕ್ಸ್‌ಗೆ ಬಂದಿದ್ದೀರಾ ಎಂದು ಕೇಳಿಕೊಳ್ಳಬೇಕು: ಅಪಾಚಿ ಓದುವ ಎಚ್‌ಟಿಅಕ್ಸೆಸ್ ಕಡತವನ್ನು ಎಂಜಿನ್‌ಎಕ್ಸ್ ಓದುವುದೇ ಇಲ್ಲ. ವಿಂಡೋಸ್ ಸರ್ವರಿನಿಂದ ಲಿನಕ್ಸ್‌ಗೆ ಬಂದವರಿಗೆ ಕಡತದ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರಗಳು ಅಡ್ಡಬರುತ್ತವೆ. 502 ಮತ್ತು 504 ಬಂದರೆ ಮುಂಭಾಗದ ವೆಬ್ ಸರ್ವರ್ ಕೆಲಸ ಮಾಡುತ್ತಿದೆ, ಅದರ ಹಿಂದಿರುವ ಪ್ರೋಗ್ರಾಮ್ ಬಿದ್ದಿದೆ ಅಥವಾ ತಡಮಾಡುತ್ತಿದೆ. 500 ಮತ್ತು ಖಾಲಿ ಬಿಳಿ ಪುಟಕ್ಕೆ ತಾಣದ ಪ್ರೋಗ್ರಾಮ್ ಬರೆದ ಪಿಎಚ್‌ಪಿ ಭಾಷೆಯ ಆವೃತ್ತಿ ದೊಡ್ಡ ಕಾರಣ. 2015ರ ಡಿಸೆಂಬರಿನಲ್ಲಿ ಬಂದ ಪಿಎಚ್‌ಪಿ 7, ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್ನುಗಳನ್ನು ತೆಗೆದುಹಾಕಿತು. ಅವನ್ನು ನಂಬಿಕೊಂಡ ಹಳೆಯ ತಾಣಗಳು ಹೊಸ ಸರ್ವರಿನಲ್ಲಿ ಒಮ್ಮೆಗೇ ನಿಂತುಹೋಗುತ್ತವೆ. ಇವುಗಳಲ್ಲಿ ಯಾವುದನ್ನೂ ಊಹಿಸಬೇಕಾಗಿಲ್ಲ. ಸರ್ವರಿನ ದೋಷ ದಾಖಲೆಯ ಕೊನೆಯ ಕೆಲವು ಸಾಲುಗಳಲ್ಲಿ ಕಾರಣ ಬರೆದಿರುತ್ತದೆ; ಅದನ್ನು ತೆರೆಯುವ ಮೊದಲು ಪ್ಲಗಿನ್ ಅಳಿಸುವುದು, ಮತ್ತೆ ಇನ್‌ಸ್ಟಾಲ್ ಮಾಡುವುದು ವೃಥಾ ಶ್ರಮ.

ವರ್ಡ್‌ಪ್ರೆಸ್ ತಾಣಗಳು ತಮ್ಮ ವಿಳಾಸವನ್ನು ಡೇಟಾಬೇಸಿನ ಒಳಗೇ ಬರೆದಿಟ್ಟುಕೊಳ್ಳುತ್ತವೆ. ಪರೀಕ್ಷೆಗೆಂದು ತಾತ್ಕಾಲಿಕ ಹೆಸರಿನಲ್ಲಿ ನಿಲ್ಲಿಸಿದ್ದರೆ ನಿಜವಾದ ಹೆಸರು ಹೊಡೆದವರೂ ಆ ತಾತ್ಕಾಲಿಕ ಹೆಸರಿಗೇ ಜಾರುತ್ತಾರೆ. ಇದನ್ನು ಡೇಟಾಬೇಸಿನಲ್ಲಿ ಸುಮ್ಮನೆ ಹುಡುಕಿ ಬದಲಿಸುವುದು ಅಪಾಯ. ವರ್ಡ್‌ಪ್ರೆಸ್ ಕೆಲವು ಸೆಟ್ಟಿಂಗುಗಳನ್ನು ಪಠ್ಯದ ಉದ್ದದ ಸಮೇತ ಕೂಡಿಸಿಡುತ್ತದೆ. ಹೆಸರು ಒಂದಕ್ಷರ ಚಿಕ್ಕದಾದರೂ ಉದ್ದದ ಲೆಕ್ಕ ತಪ್ಪಿ ಆ ಸೆಟ್ಟಿಂಗ್ ಇಡಿಯಾಗಿ ಹಾಳಾಗುತ್ತದೆ. ಡಬ್ಲ್ಯೂಪಿ-ಸಿಎಲ್‌ಐ ಸಾಧನ ಈ ಲೆಕ್ಕವನ್ನೂ ಸರಿಪಡಿಸುತ್ತ ಬದಲಿಸುತ್ತದೆ.

ಕನ್ನಡ ತಾಣಗಳಿಗೇ ಇರುವ ತೊಂದರೆ

ತಾಣ ತೆರೆದೂ ಓದಲಾಗದಿರುವುದು ಕನ್ನಡದವರಿಗೆ ಹೊಸದಲ್ಲ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟು. ಹಳೆಯ ಮೈಎಸ್‌ಕ್ಯೂಎಲ್ ಡೇಟಾಬೇಸುಗಳು ಲ್ಯಾಟಿನ್-1 ಎಂಬ ಹೆಸರಿನಡಿ ಈ ಬೈಟುಗಳನ್ನು ಅರ್ಥಮಾಡಿಕೊಳ್ಳದೆಯೇ ಜೋಪಾನ ಮಾಡುತ್ತಿದ್ದವು. ಹೊಸ ಸರ್ವರ್ ಯುಟಿಎಫ್-8 ಎಂದುಕೊಂಡು ತೆರೆದಾಗ ಕನ್ನಡದ ಬದಲು ತಲೆಯ ಮೇಲೆ ಗೀಟಿರುವ ರೋಮನ್ ಅಕ್ಷರ, ಪಕ್ಕದಲ್ಲಿ ವರ್ಗದ 2 ಇಲ್ಲವೇ ಘನದ 3, ಹೀಗೆ ಪುಟ ತುಂಬ ಕಾಣಿಸುತ್ತದೆ. ಇದು ಕಣ್ಣಿಗೆ ಭೀಕರವಾದರೂ ಬೈಟುಗಳು ಉಳಿದಿವೆ, ಸರಿಯಾದ ಸಂಕೇತ ಹೇಳಿ ಮತ್ತೆ ತಂದರೆ ಪಠ್ಯ ವಾಪಸು ಬರುತ್ತದೆ. ಹೆದರಬೇಕಾದ್ದು ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳನ್ನು ಕಂಡಾಗ. ಅವು ಡೇಟಾಬೇಸಿನಲ್ಲೇ ಇದ್ದರೆ ಮೂಲ ಅಳಿಸಿಹೋಗಿದೆ. ಹಳೆಯ ಸರ್ವರಿನ ಪ್ರತಿಯೇ ಗತಿ. ಯುನಿಕೋಡ್‌ಗೆ ಮುಂಚಿನ ತಾಣಗಳಲ್ಲಿ ಪಠ್ಯ ರೋಮನ್ ಸಂಕೇತಗಳಲ್ಲಿದ್ದು ಫಾಂಟ್ ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತಿತ್ತು. ಅಂಥ ತಾಣವನ್ನು ಸಾಗಿಸುವಾಗ ಫಾಂಟ್ ಕಡತ ಬಿಟ್ಟುಹೋದರೆ ಪುಟವೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇನ್ನೊಂದು ದೋಷವನ್ನು ಪತ್ತೆಹಚ್ಚಲು ಅನುಭವಿಗಳೂ ಒದ್ದಾಡುತ್ತಾರೆ. ಚಿತ್ರಗಳಿಗೆ ಕನ್ನಡದಲ್ಲೇ ಹೆಸರಿಟ್ಟ ತಾಣವೊಂದನ್ನು ಹಳೆಯ ಮ್ಯಾಕ್ ಕಂಪ್ಯೂಟರಿನ ಮೂಲಕ ಹೊಸ ಸರ್ವರಿಗೆ ಹಾಕಿದರೆ ‘ಬೆಂಗಳೂರು’, ‘ಹಾಸನ’ ಎಂಬ ಚಿತ್ರಗಳು ತೆರೆದು, ‘ಮೈಸೂರು’, ‘ಕೋಲಾರ’, ‘ಬೀದರ್’ 404 ಆಗಬಹುದು. ಯುನಿಕೋಡ್‌ನಲ್ಲಿ ಈ, ಏ, ಐ, ಒ, ಓ ಸ್ವರಗಳ ಗುಣಿತ ಚಿಹ್ನೆಗಳನ್ನು ಇಡಿಯಾಗಿಯೂ ಬರೆಯಬಹುದು, ತುಂಡುಗಳಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಿಂದಿನ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಕಡತದ ಹೆಸರುಗಳನ್ನು ಬಿಡಿಸಿಡುತ್ತಿತ್ತು. ಪುಟದೊಳಗಿನ ಕೊಂಡಿ ಇಡಿಯಾಗಿದೆ. ಕಣ್ಣಿಗೆ ಎರಡೂ ಒಂದೇ, ಬೈಟು ಬೈಟು ಹೋಲಿಸುವ ಲಿನಕ್ಸ್‌ಗೆ ಬೇರೆ ಬೇರೆ. ಡಾಟ್ ಭಾರತ ಎಂದು ಕನ್ನಡ ಲಿಪಿಯಲ್ಲೇ ಡೊಮೇನ್ ಹೊಂದಿದವರು ಸರ್ವರಿನ ಪಟ್ಟಿಯಲ್ಲಿ ಅದರ ಪ್ಯೂನಿಕೋಡ್ ಎಂಬ ರೋಮನ್ ಅಕ್ಷರದ ರೂಪವನ್ನು ಬರೆಯಬೇಕೆಂಬುದೂ ನೆನಪಿರಬೇಕು.

ದೊಡ್ಡ ಸ್ಥಳಾಂತರಗಳು

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್ 20ರಿಂದ 22ರವರೆಗಿನ ವಾರಾಂತ್ಯದಲ್ಲಿ ಸುಮಾರು 50 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿತು. ಮಾಹಿತಿಯೇನೋ ಸರಿಯಾಗಿ ಬಂದು ಸೇರಿತು. ಅದನ್ನು ತೋರಿಸಬೇಕಾದ ವ್ಯವಸ್ಥೆ ಕುಸಿದು ಸುಮಾರು 19 ಲಕ್ಷ ಜನ ತಮ್ಮ ಖಾತೆ ತೆರೆಯಲಾರದೆ ಹೋದರು. ಎರಡು ಡೇಟಾ ಕೇಂದ್ರಗಳಿದ್ದು ಭಾರದ ಪರೀಕ್ಷೆಯನ್ನು ಒಂದರಲ್ಲಿ ಮಾತ್ರ ನಡೆಸಿದ್ದರೆಂಬುದು ಆಮೇಲಿನ ತನಿಖೆಯಲ್ಲಿ ಬಯಲಾಯಿತು. 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ಬಿತ್ತು. ಸಾಮಾಜಿಕ ಜಾಲತಾಣ ಮೈಸ್ಪೇಸ್ ಕಳೆದುಕೊಂಡದ್ದು ಹಣವಲ್ಲ. ಸರ್ವರ್ ಸಾಗಣೆಯಲ್ಲಿ ಹಳೆಯ ಹಾಡು, ಚಿತ್ರ, ವಿಡಿಯೋಗಳು ಹೋದವೆಂದು ಅದು ಒಪ್ಪಿಕೊಂಡದ್ದು 2019ರ ಮಾರ್ಚಿನಲ್ಲಿ ಸುದ್ದಿಯಾಯಿತು. 2003ರಿಂದ 2015ರವರೆಗಿನ ಸುಮಾರು 5 ಕೋಟಿ ಹಾಡುಗಳು ಅದರಲ್ಲಿದ್ದವೆಂಬ ಅಂದಾಜು.

ಇದಕ್ಕೆ ವಿರುದ್ಧವಾದ ಮಾದರಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯದು. 2013ರ ಜನವರಿಯಲ್ಲಿ ಅದು ಫ್ಲಾರಿಡಾದ ಟ್ಯಾಂಪಾದಿಂದ ವರ್ಜೀನಿಯಾದ ಆ್ಯಶ್‌ಬರ್ನ್‌ಗೆ ತನ್ನ ಮುಖ್ಯ ನೆಲೆಯನ್ನು ಬದಲಿಸಿತು. ಟೆಕ್ಸಸ್‌ನಲ್ಲಿ ಎರಡನೆಯ ಕೇಂದ್ರ ಸಿದ್ಧವಾದ ಮೇಲೆ 2016ರ ಏಪ್ರಿಲಿನಲ್ಲಿ ಮೊದಲ ಬಾರಿ ಎಲ್ಲ ತಾಣಗಳನ್ನೂ ಅಲ್ಲಿಗೆ ಹೊರಳಿಸಿ ವಾಪಸು ತಂದಿತು. ಈಗ ವರ್ಷಕ್ಕೆ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ, ಈ ಹೊರಳಿಕೆ ನಡೆಯುತ್ತದೆ. ಆಗ ಕೆಲವೇ ನಿಮಿಷ ಸಂಪಾದನೆ ನಿಲ್ಲುತ್ತದೆ, ಓದುವುದಕ್ಕೆ ಅಡ್ಡಿಯಿಲ್ಲ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಇದರಲ್ಲಿ ಸೇರಿದೆ. ಅಪಘಾತ ಬರುವವರೆಗೆ ಕಾಯದೆ ಸ್ಥಳಾಂತರವನ್ನೇ ಅಭ್ಯಾಸ ಮಾಡಿಕೊಂಡದ್ದು ಈ ಸಂಸ್ಥೆಯ ಜಾಣತನ.

ಮುಂಜಾಗ್ರತೆ

ಸಾಗಿಸುವ ದಿನಕ್ಕಿಂತ ಮುಂಚೆ, ಹಳೆಯ ಟಿಟಿಎಲ್ ಮುಗಿಯುವಷ್ಟು ಕಾಲ ಇನ್ನೂ ಇರುವಾಗಲೇ, ಟಿಟಿಎಲ್ ಅನ್ನು 300ಕ್ಕೆ ಇಳಿಸಬೇಕು. ಸಾಗಿಸಿದ ಮೇಲೆ ಇಳಿಸಿದರೆ ಪ್ರಯೋಜನವಿಲ್ಲ. ನೇಮ್‌ಸರ್ವರ್ ಬದಲಿಸುವುದಾದರೆ ಹಳೆಯ ದಾಖಲೆಗಳೆಲ್ಲವನ್ನೂ ಬರೆದಿಟ್ಟುಕೊಳ್ಳಬೇಕು, ಮುಖ್ಯವಾಗಿ ಮಿಂಚಂಚೆಗೆ ಬೇಕಾದ ಎಂಎಕ್ಸ್ ಮತ್ತು ಎಸ್‌ಪಿಎಫ್ ದಾಖಲೆಗಳನ್ನು. ತಾಣ ತೆರೆಯದಿದ್ದರೆ ಯಾರಾದರೂ ಫೋನ್ ಮಾಡಿ ಹೇಳುತ್ತಾರೆ. ಬಾರದ ಮಿಂಚಂಚೆಯ ಬಗ್ಗೆ ಯಾರೂ ಹೇಳುವುದಿಲ್ಲ. ಆರ್ಡರ್, ಪ್ರತಿಕ್ರಿಯೆ ಸ್ವೀಕರಿಸುವ ತಾಣಗಳು ಹೊರಳುವ ಹೊತ್ತಿನಲ್ಲಿ ಬರೆಯುವುದನ್ನು ನಿಲ್ಲಿಸಬೇಕು, ಇಲ್ಲದಿದ್ದರೆ ಅರ್ಧ ಆರ್ಡರುಗಳು ಹಳೆಯ ಡೇಟಾಬೇಸಿನಲ್ಲಿ ಉಳಿಯುತ್ತವೆ.

ಹಳೆಯ ಸರ್ವರಿನ ಬಾಡಿಗೆಯನ್ನು ಸಾಗಿಸಿದ ದಿನವೇ ನಿಲ್ಲಿಸಬೇಡಿ. ಅದರ ಪ್ರವೇಶ ದಾಖಲೆಯನ್ನು ದಿನವೂ ನೋಡಿ. ಹುಡುಕುಯಂತ್ರಗಳ ಬಾಟ್‌ಗಳನ್ನು ಬಿಟ್ಟು ಮನುಷ್ಯರ್‍ಯಾರೂ ಅಲ್ಲಿಗೆ ಬರುತ್ತಿಲ್ಲವೆಂದು ಖಚಿತವಾದ ಮೇಲೆ, ಕಡತ ಮತ್ತು ಡೇಟಾಬೇಸಿನ ಪೂರ್ಣ ಪ್ರತಿ ತೆಗೆದುಕೊಂಡು, ಆ ಪ್ರತಿ ತೆರೆಯುತ್ತದೆಯೇ ಎಂದು ಪರೀಕ್ಷಿಸಿ, ಅನಂತರ ಮುಚ್ಚಿ.